ಟಿಫನ್ ಬಾಕ್ಸಿನಲ್ಲಿ ಬಂದ ಕಣಜ

ಒಂದೆರಡು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಭದ್ರಾವತಿಯಿಂದ ಗಿರಿಜತ್ತಿಗೆ ಬಂದರು. ಕೈಯಲ್ಲೊಂದು ಸ್ಟೀಲ್ ಟಿಫನ್ ಬಾಕ್ಸ್. ಮುಚ್ಚಳದ ಬದಲು ಬಾಯಿಗೆ ತೆಳು ಬಟ್ಟೆ ಬಿಗಿದಿತ್ತು. ನಮ್ಮಣ್ಣನ ಹೆಂಡತಿ ಯಾವತ್ತೂ ಬರಿಗೈಯಲ್ಲಿ ಬಂದವರಲ್ಲ. ಒಬ್ಬಟ್ಟೇ ಇರಬೇಕು ಅಂತ ನಾನು ತುಪ್ಪ ಕಾಯಿಸಲು ಹೊರಟೆ.

"ತುಪ್ಪ ಯಾಕೆ ಮಾರಾಯ್ತಿ? ತಿನ್ನೋದಲ್ಲ ಇದು. ಒಳಗೆ ಕಣಜ ಇದೆ!"

(ಹೌದು, ಕಣಜವೇ. ಮನುಷ್ಯರಿಗೆ ಕುಟುಕುವ ಜಾತಿಯಲ್ಲ, ಗಾಬರಿ ಬೇಡ.)

ಅತ್ತಿಗೆ ಕಣಜ ಹೊತ್ತು ತರುವಂಥದ್ದು ಏನಾಗಿತ್ತು? ಅದನ್ನು ಮೊದಲು ಹೇಳಿಬಿಡುತ್ತೇನೆ.

ವಿದ್ಯಾನಗರದ ನಮ್ಮ ಮನೆಯ ಕಾಂಪೌಂಡಿನ ಅಂಚಿಗೆ ಒಂದು ತೆಂಗಿನ ಮರವಿದೆ. ಗಿಡ್ಡ ತಳಿ. ತಾರಸಿಯಲ್ಲಿ ನಿಂತರೆ ಗರಿ ಕೈಗೆ ಸಿಗುತ್ತದೆ. ಅರ್ಧ ಗರಿಗಳು ನಮ್ಮ ಕಡೆ, ಇನ್ನರ್ಧ ಪಕ್ಕದ ಮನೆಯ ರುದ್ರಪ್ಪನವರ ಕಡೆ. ಕಾಯಿಯೂ ಹಾಗೇ, ಯಾರೂ ಯಾರನ್ನೂ ಕೇಳಿ ಕಿತ್ತಿದ್ದಿಲ್ಲ. ಅವರ ಹೆಂಡತಿ ಶಾಂತಕ್ಕ ಅದೇ ಕಾಯಿಯ ಚಟ್ನಿ ಮಾಡಿ ಗೋಡೆಯ ಮೇಲಿಂದ ಬಟ್ಟಲು ದಾಟಿಸುತ್ತಿದ್ದರು. ರುದ್ರಪ್ಪನವರು ರಿಟೈರ್ಡ್ ಇಂಜಿನಿಯರ್. ಬಂದವರಿಗೆಲ್ಲ "ನಮ್ಮ ಮರ" ಅಂತಲೇ ತೋರಿಸುತ್ತಿದ್ದರು.

ಈ ಬೇಸಿಗೆಯಲ್ಲಿ ಅವರು ಹೊಸ ಕಾರು ತೆಗೆದುಕೊಂಡರು. ಬಿಳಿ ಬಣ್ಣದ್ದು. ದಿನಾ ಅವರೇ ಒರೆಸುವುದು. ಆದರೆ ಒರೆಸಿ ಒಳಗೆ ಹೋಗಿ ಬರುವಷ್ಟರಲ್ಲಿ ಮೇಲಿಂದ ಏನೋ ಅಂಟು ಅಂಟು! ಕೆಲವೇ ದಿನಕ್ಕೆ ಅದರ ಮೇಲೆ ಮಸಿಯಂಥ ಬೂಷ್ಟು. ಬಿಳಿ ಕಾರು ಬೂದು ಬಣ್ಣಕ್ಕೆ ತಿರುಗಿತು. ಮೊದಲು ಕಾಗೆಗಳನ್ನು ಬೈದರು. ಆಮೇಲೆ ತಲೆಯೆತ್ತಿ ಮರ ನೋಡಿದರು.

"ಮೇಡಂ, ನಿಮ್ಮ ಮರದ್ದೇ ಈ ಗಲೀಜು."

ಗಮನಿಸಿದಿರಾ? ಕಾಯಿ ಬಿಡುವಾಗ "ನಮ್ಮ" ಮರ, ಅಂಟು ಸುರಿದ ಕೂಡಲೇ "ನಿಮ್ಮ" ಮರ!

"ಕಡಿಸಿಬಿಡಿ. ಭಾನುವಾರ ಬರೋಕೆ ಆಳಿಗೆ ನಾನೇ ಹೇಳಿದೀನಿ" ಅಂದರು. ಔಷಧಿ ಹೊಡೆಸೋಣ ಅಂದೆ. ಕೇಳಲಿಲ್ಲ. ಚಟ್ನಿಯ ಬಟ್ಟಲು ನಿಂತಿತು. ಗೋಡೆಯ ಆಚೆ ಕೆಮ್ಮಿದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಮರಕ್ಕಿಂತ ನನಗೆ ಅದೇ ಹೆಚ್ಚು ಸಂಕಟ.

ಅತ್ತಿಗೆಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ಆ ಕಡೆಯಿಂದ ನಗು!

"ಗರಿ ತಿರುಗಿಸಿ ನೋಡು. ಅಡೀಲಿ ಬಿಳಿ ಸುರುಳಿ ಸುರುಳಿ ಇದ್ಯಾ?"

"ರಂಗೋಲಿ ಹಾಕಿದಂಗಿದೆ ಅತ್ತಿಗೆ."

"ಹಂಗಾದ್ರೆ ಬಿಳಿ ನೊಣ. ನಮ್ಮ ಹಿತ್ಲಿಗೂ ಬಂದಿತ್ತು. ಔಷಧಿ ಗಿವುಷಧಿ ಹೊಡೀಬೇಡ. ನಾನೇ ಬರ್ತೀನಿ, ತಡಿ."

ಈ ಬಿಳಿ ನೊಣ ನಮ್ಮೂರಿನದಲ್ಲ, ನಮ್ಮ ದೇಶದ್ದೇ ಅಲ್ಲ. ಅಮೆರಿಕ ಖಂಡದ ಕಡೆಯಿಂದ ಸಮುದ್ರ ದಾಟಿ ಬಂದದ್ದು. ಗರಿಯ ರಸ ಹೀರಿ ಸಕ್ಕರೆಯಂಥ ಅಂಟು ಉದುರಿಸುತ್ತದೆ, ಆ ಅಂಟಿನ ಮೇಲೆ ಬೂಷ್ಟು ಬೆಳೆಯುತ್ತದೆ. ಆದರೆ ಅದರ ಬೆನ್ನ ಹಿಂದೆಯೇ ಅದರ ಶತ್ರುವೂ ಬಂದಿದೆ. ಸಾಸಿವೆಗಿಂತ ಚಿಕ್ಕ ಕಣಜ. ನೊಣದ ಮರಿಯೊಳಗೆ ಮೊಟ್ಟೆಯಿಟ್ಟು ಅದನ್ನು ಒಳಗಿಂದಲೇ ಮುಗಿಸುತ್ತದೆ. ಔಷಧಿ ಹೊಡೆದರೆ ನೊಣದ ಜೊತೆ ಈ ಬಡಪಾಯಿಯೂ ಸಾಯುತ್ತದೆ. ಕೃಷಿ ಇಲಾಖೆಯವರ ಒಂದು ತರಬೇತಿಯಲ್ಲಿ ಅತ್ತಿಗೆ ಇದನ್ನೆಲ್ಲ ಕಲಿತಿದ್ದರು.

ಕಣಜ ಹೊಕ್ಕ ಮರಿ ಕಪ್ಪಾಗುತ್ತದಂತೆ. ಅಂಥ ಕಪ್ಪು ಚುಕ್ಕೆಗಳಿದ್ದ ಗರಿಯ ಚೂರುಗಳನ್ನೇ ಆರಿಸಿ, ಕತ್ತರಿಸಿ, ಡಬ್ಬಿಗೆ ತುಂಬಿಕೊಂಡು ಬಸ್ ಹತ್ತಿದ್ದರು. ಪಕ್ಕದ ಸೀಟಿನ ಹೆಂಗಸು "ಒಬ್ಬಟ್ಟಾ ಅಕ್ಕಾ?" ಅಂದಳಂತೆ. "ಅಲ್ಲಮ್ಮ, ಕಣಜ" ಅಂದರಂತೆ ಇವರು. ಆಕೆ ಎದ್ದು ಹೋದವಳು ವಾಪಸ್ ಬರಲಿಲ್ಲ.

"ಮಲವಗೊಪ್ಪ ದಾಟಿ ನಿಮ್ಮೂರು ಹತ್ರ ಬಂದ್ರೂ ಪಕ್ಕಕ್ಕೆ ಒಬ್ರೂ ಕೂರ್ಲಿಲ್ಲ ನೋಡು. ಆರಾಮಾಗಿ ಬಂದೆ!"

ಅಷ್ಟರಲ್ಲಿ ಗೇಟಿನಲ್ಲಿ ಹಗ್ಗ, ಕೊಡಲಿ ಹಿಡಿದ ಆಳು. ಹಿಂದೆ ರುದ್ರಪ್ಪನವರು. ಅತ್ತಿಗೆ ಡಬ್ಬಿಯಿಂದ ಒಂದು ಗರಿಯ ಚೂರು ತೆಗೆದುಕೊಂಡು ಸೀದಾ ಹೋಗಿ ಅವರ ಕೈಗೊಂದು ಭೂತಗನ್ನಡಿ ಕೊಟ್ಟರು.

"ಕಡಿಯೋದು ಇದ್ದೇ ಇದೆ ಬಿಡಿ ಸಾರ್. ಮೊದ್ಲು ಇದನ್ನ ನೋಡಿ."

"ಏನಿದು?"

"ನಿಮ್ಮ ಕಾರು ಹಾಳು ಮಾಡಿದೋನು ವಿದೇಶದೋನು. ಅವನನ್ನ ಹಿಡಿಯೋ ಪೊಲೀಸ್ನೋರು ಇವ್ರು."

ರುದ್ರಪ್ಪನವರು ಅನುಮಾನದಿಂದಲೇ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ! ಅದೇ ಹೊತ್ತಿಗೆ ಕಪ್ಪು ಚುಕ್ಕೆಯೊಂದಕ್ಕೆ ದುಂಡಗೆ ತೂತು ಬಿದ್ದು, ಪುಟಾಣಿ ಕಣಜವೊಂದು ತಲೆ ಹೊರಗೆ ಹಾಕುತ್ತಿತ್ತು.

"ಅರೆ! ರೆಕ್ಕೆ ಬೇರೆ ಇದೆ ಕಣ್ರೀ ಇದಕ್ಕೆ! ಶಾಂತಾ... ಏ ಶಾಂತಾ, ಬೇಗ ಬಾ ಇಲ್ಲಿ!"

ಶಾಂತಕ್ಕ ಸೌಟು ಹಿಡಿದೇ ಓಡಿ ಬಂದರು. ಕೊಡಲಿಯವನೂ ಕೊಡಲಿ ಕೆಳಗಿಟ್ಟು ಸರದಿ ನಿಂತ.

ಮುಂದಿನದೆಲ್ಲ ಜಾತ್ರೆ. "ಮೊದ್ಲು ಗರಿ ತೊಳೀಬೇಕು, ಆಮೇಲೆ ಚೂರು ಕಟ್ಟೋದು" ಅಂದರು ಅತ್ತಿಗೆ. ರುದ್ರಪ್ಪನವರು ಒಳಗೆ ಓಡಿ ಕಾರು ತೊಳೆಯುವ ಪ್ರೆಶರ್ ಪಂಪ್ ತಂದರು! ತಾರಸಿಯಲ್ಲಿ ಪಂಚೆ ಎತ್ತಿ ಕಟ್ಟಿ, ಗರಿಗಳ ಅಡಿಗೆ ಗುರಿಯಿಟ್ಟು ನೀರು ಬಿಟ್ಟರು. ಕರಿ ನೀರು ನಮ್ಮೆಲ್ಲರ ತಲೆಯ ಮೇಲೆ. ಶಾಂತಕ್ಕ ಕಿರುಚಿದರು, ನಗುತ್ತಲೇ. ನೀರು ಆರಿದ ಮೇಲೆ ಕಡಿಯಲು ಬಂದವನೇ ಮೇಲಿನ ಗರಿಗಳಿಗೆ ಚೂರುಗಳನ್ನು ದಾರದಲ್ಲಿ ಕಟ್ಟಿದ. ಇಳಿಯುವಾಗ ಎಲ್ಲರಿಗೂ ಎಳನೀರನ್ನೂ ಇಳಿಸಿದ. ಮಧ್ಯಾಹ್ನದ ಊಟ ಶಾಂತಕ್ಕನ ಮನೆಯಲ್ಲಿ. ಚಟ್ನಿ ಇತ್ತು ಅಂತ ಬೇರೆ ಹೇಳಬೇಕೇ?

ಕೆಲವು ವಾರ ಕಾಯಬೇಕಾಯಿತು. ಅಷ್ಟೂ ದಿನ ಕಾರಿಗೆ ಹೊದಿಕೆ. ಈಗ ಸುಳಿಯಿಂದ ಹೊಸ ಗರಿ ಹಸಿರಾಗಿ ಬರುತ್ತಿದೆ. ನೊಣ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲವಂತೆ, ಹದ್ದುಬಸ್ತಿನಲ್ಲಿದೆ. ರುದ್ರಪ್ಪನವರು ದಿನಾ ಬೆಳಿಗ್ಗೆ ತಾರಸಿಯಿಂದ ವರದಿ ಒಪ್ಪಿಸುತ್ತಾರೆ: "ಮೇಡಂ, ಇವತ್ತು ಕಪ್ಪು ಚುಕ್ಕೆ ಇನ್ನೂ ಜಾಸ್ತಿ ಆಗಿದೆ!" ಹಿಂದಿನ ಬೀದಿಯವರು ಗರಿಯ ಚೂರು ಕೇಳಿಕೊಂಡು ಬಂದರೆ ಕತ್ತರಿಸಿ ಕೊಡುವವರೂ ಅವರೇ.

ಆ ನೊಣ ಇಲ್ಲಿಗೆ ಹೇಗೆ ಬಂತು? ಖಚಿತವಾಗಿ ಯಾರಿಗೆ ಗೊತ್ತು? ಯಾವುದೋ ಚೆಂದದ ಗಿಡದ ಎಲೆಯಡಿ ಕೂತು ಬಂದಿರಬಹುದು. ನಾವು ಬಾರ್ಡರಿನಲ್ಲಿ ಮನುಷ್ಯರನ್ನು ಸಾಲಿನಲ್ಲಿ ನಿಲ್ಲಿಸಿ ಕಾಗದ ಕೇಳುತ್ತೇವೆ. ಎಲೆಯ ಅಡಿಯನ್ನು ತಿರುಗಿಸಿ ನೋಡುವ ಅಧಿಕಾರಿ ಏರ್‌ಪೋರ್ಟಿನಲ್ಲಿ "ಗಿಡ, ಬೀಜ ಏನಾದ್ರೂ ಇದ್ಯಾ?" ಅಂದರೆ ಮಾತ್ರ ನಮಗೆ ಸಿಟ್ಟು ಬರುತ್ತದೆ.

ಮುಂದಿನ ತಿಂಗಳು ರುದ್ರಪ್ಪ ದಂಪತಿ ಸಿಂಗಾಪುರ ಟೂರ್ ಹೊರಟಿದ್ದಾರೆ. "ಅಲ್ಲಿ ಆರ್ಕಿಡ್ ತುಂಬಾ ಚೆನ್ನಾಗಿರ್ತಾವಂತೆ, ಒಂದೇ ಒಂದು ಸಸಿ..." ಅಂದರು ಶಾಂತಕ್ಕ. "ಫೋಟೋ ತೆಗೆದುಕೊಂಡು ಬಾ. ಒಂದು ಎಲೇನೂ ಬೇಡ!" ಅಂದರು ಯಜಮಾನರು.

ಅವರ ಮಾತು ಬಿಡಿ. ಕಳೆದ ಸಲ ಫಾರಿನ್ನಿಂದ ಬರುವಾಗ ನೀವು ಸೀರೆಯ ಮಡಿಕೆಯಲ್ಲಿ ಸುತ್ತಿ ತಂದ ಆ ಕಡ್ಡಿ, ಚಿಗುರಿತಾ?