‘ಆಯ್ತು’ ಎಂಬ ಗುಂಡಿ

ತಪ್ಪು ಹುಡುಕುವುದು ನನ್ನ ಕೆಲಸ. ಮನೆಯಲ್ಲಿ ಇದೇ ಕೆಲಸ ಮಾಡಿದರೆ ಬೈಸಿಕೊಳ್ಳುತ್ತೇನೆ, ಆಫೀಸಿನಲ್ಲಿ ಸಂಬಳ ಕೊಡುತ್ತಾರೆ. ನಾವು ನಾಲ್ಕು ಜನ ಸೇರಿ ಒಂದು ಆ್ಯಪ್ ಮಾಡುತ್ತಿದ್ದೆವು. ಅದು ಕೆಟ್ಟುಹೋಗುವಂತೆ ಒತ್ತಿ, ತಿರುಚಿ, ಸತಾಯಿಸಿ, ಕೆಟ್ಟದ್ದನ್ನು ನಂಬರು ಹಾಕಿ ಪಟ್ಟಿ ಮಾಡುವವಳು ನಾನು. ಆ ಪಟ್ಟಿಯ 214ನೇ ತಪ್ಪನ್ನು ಬರೆಸಿದವರು ಬೋರ್ಡಣ್ಣ. ಇದು ಅವರ ಕಥೆ.

ಬೋರ್ಡಣ್ಣ ನಮ್ಮ ಡಿಸೈನರು. ಮೂವತ್ತು ವರ್ಷ ಅಂಗಡಿಗಳಿಗೆ ಬೋರ್ಡ್ ಬರೆದವರು. ಫ್ಲೆಕ್ಸ್ ಬಂದ ಮೇಲೆ ಬ್ರಷ್ಷು ಒಣಗಿತು. ನಮ್ಮ ಬಾಸ್, ವಯಸ್ಸಿನಲ್ಲಿ ಅವರ ಅರ್ಧ, ಆಫೀಸಿನ ಬಾಗಿಲಿಗೆ ಹೆಸರು ಬರೆಸಲು ಅವರನ್ನು ಕರೆಸಿ, ಹದಿನಾಲ್ಕು ಪದಗಳ ಒಂದು ಚೀಟಿ ಕೊಟ್ಟ. ಇವರು ಹನ್ನೊಂದನ್ನು ಹೊಡೆದುಹಾಕಿ, “ನಡ್ಕೊಂಡ್ ಹೋಗೋನು ಮೂರು ಪದಕ್ಕಿಂತ ಜಾಸ್ತಿ ಓದಲ್ಲ ಸಾರ್” ಎಂದರು. ಬಾಸ್ ಬೋರ್ಡಿನ ಜೊತೆಗೆ ಅವರನ್ನೂ ಇಟ್ಟುಕೊಂಡ.

ಅವರಿಗೆ ಕಂಪ್ಯೂಟರ್ ಅಷ್ಟಕ್ಕಷ್ಟೆ. ಒಂದೊಂದು ಪರದೆಯನ್ನೂ ಮೊದಲು ಪೆನ್ಸಿಲಿನಲ್ಲಿ ಬರೆದು, ಫೋನಿನ ಅಳತೆಗೆ ಕತ್ತರಿಸಿ, ರಬ್ಬರ್ ಬ್ಯಾಂಡ್ ಹಾಕಿ ಫೋನಿಗೆ ಕಟ್ಟುತ್ತಿದ್ದರು. ಆಮೇಲೆ ಮೆಟ್ಟಿಲಿಳಿದು ಕೆಳಗಿನ ಇಸ್ತ್ರಿ ಅಂಗಡಿಯವನ ಕೈಗೆ ಅದನ್ನು ಕೊಟ್ಟು, “ಒತ್ತು” ಎನ್ನುತ್ತಿದ್ದರು. ಅವನು ಎಲ್ಲಿ ಒತ್ತಬೇಕೆಂದು ಕೇಳಿದರೆ ಆ ಕಾಗದ ಕಸದ ಬುಟ್ಟಿಗೆ. ಕೇಳದೆ ಒತ್ತಿದರೆ ಮೇಲಕ್ಕೆ ಬರುತ್ತಿತ್ತು. ಬಟನ್ನಿಗೆ ನಮ್ಮಲ್ಲಿ ಗುಂಡಿ ಎನ್ನುತ್ತಿದ್ದವರು ಅವರೊಬ್ಬರೇ. ಈ ಗುಂಡಿಗೆ ಅವರೇ ಬೀಳುತ್ತಾರೆಂದು ಆಗ ಯಾರಿಗೂ ಅನ್ನಿಸಿರಲಿಲ್ಲ.

ಆ್ಯಪಿನ ಹೆಸರು ‘ಒಂದು ಕೈ’. ಒಂದು ಕೈ ನೋಡೇಬಿಡೋಣ ಅಂತಾರಲ್ಲ, ಆ ಅರ್ಥದಲ್ಲಿ. ಇದು ಹೊಡೆದಾಟದ ಆಟ ಎಂದುಕೊಂಡು ಬಂದವರೂ ಇದ್ದರು. ಅದು ಪಟ್ಟಿಯಲ್ಲಿ 3ನೇ ತಪ್ಪು. ದಿನಕ್ಕೊಂದು ಸವಾಲು ಬರುತ್ತದೆ. ಪಕ್ಕದ ಮನೆಯವರ ಹೆಸರು ಕೇಳಿ. ಎರವಲು ತಂದದ್ದನ್ನು ಹಿಂದಿರುಗಿಸಿ. ಫೋನ್ ಮುಟ್ಟದೆ ಊಟ ಮಾಡಿ. ಕುಳಿತಲ್ಲೇ ಲೈಕು ಒತ್ತುವಂತಿಲ್ಲ, ಎದ್ದು ಹೋಗಿ ನಿಜವಾಗಿ ಮಾಡಬೇಕು. ಮಾಡಿದ ಮೇಲೆ ಕೆಳಗಿನ ಹಸಿರು ಗುಂಡಿ ಒತ್ತಬೇಕು. ನೀವು ಆ್ಯಪಿನಲ್ಲಿ ಕಟ್ಟಿಕೊಂಡ ಬಳಗದ ಏಳು ಜನಕ್ಕೆ ಅದು ಕಾಣುತ್ತದೆ.

ಆ ಗುಂಡಿಯ ಮೇಲೆ ಬಾಸ್ ಬರೆಸಿದ್ದು: ‘ಈ ಸವಾಲನ್ನು ನಾನು ಯಶಸ್ವಿಯಾಗಿ ಪೂರ್ಣಗೊಳಿಸಿದ್ದೇನೆ’. ಬೋರ್ಡಣ್ಣ ಎರಡು ದಿನ ಅದರ ಮುಂದೆ ಕೂತು, ಒಂದೊಂದೇ ಪದ ಹೊಡೆದುಹಾಕಿ, ಕೊನೆಗೆ ಒಂದೇ ಪದಕ್ಕೆ ಇಳಿಸಿದರು. ‘ಆಯ್ತು’. ಇಸ್ತ್ರಿಯವನು ಏನೂ ಕೇಳದೆ ಒತ್ತಿದ. ಬೋರ್ಡಣ್ಣ ಅಂದು ಎಲ್ಲರಿಗೂ ಚಹಾ ಕೊಡಿಸಿದರು.

ಪರೀಕ್ಷೆಗೆಂದು ನಾವೆಲ್ಲ ನಮ್ಮ ನಮ್ಮ ನೆಂಟರನ್ನು ಸೇರಿಸಬೇಕಿತ್ತು. ಬೋರ್ಡಣ್ಣ ತಮ್ಮ ಅಕ್ಕನ ಮಗಳಿಗೆ ಹೇಳಿದರು. ಅವಳು ಬಳಗ ಕಟ್ಟಿ, ಇವರ ಜೊತೆ ತನ್ನ ಅಮ್ಮನನ್ನೂ ಅದಕ್ಕೆ ಸೇರಿಸಿದಳು. ಮೊದಲ ವಾರದ ಲೆಕ್ಕ ಬಂದಾಗ ಬಾಸ್ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದ. ನೂರಕ್ಕೆ ತೊಂಬತ್ತೆರಡು ಜನ ಸವಾಲು ಮುಗಿಸಿದ್ದರು. ಕಷ್ಟದ ಸವಾಲಿನಲ್ಲೂ ಅಷ್ಟೇ: ‘ಮಾತು ಬಿಟ್ಟವರಿಗೆ ಫೋನ್ ಮಾಡಿ’.

ಮರುದಿನ ಬೋರ್ಡಣ್ಣ ನನ್ನ ಮೇಜಿನ ಹತ್ತಿರ ಬಂದು ನಿಂತರು.

“ಮೇಡಂ, ಒಂದು ತಪ್ಪು ಬರ್ಕೊಳ್ಳಿ.”

“ಹೇಳಿ.”

“ನಮ್ಮಕ್ಕ ನನಗೆ ಫೋನ್ ಮಾಡಿಲ್ಲ.”

ಅದು ತಪ್ಪಲ್ಲ, ಸಂಸಾರ ಎಂದೆ. ಅವರು ನಗಲಿಲ್ಲ. ಫೋನ್ ತೋರಿಸಿದರು. ‘ಮಾತು ಬಿಟ್ಟವರಿಗೆ ಫೋನ್ ಮಾಡಿ’ ಎಂಬುದರ ಕೆಳಗೆ ಅಕ್ಕನ ಹೆಸರು, ಅದರ ಮುಂದೆ ಹಸಿರು ಗುರುತು.

“ಬೇರೆ ಯಾರಿಗಾದ್ರೂ ಮಾಡಿರಬಹುದಲ್ಲ?”

“ನಮ್ಮಕ್ಕ ಊರಿಗೆಲ್ಲ ಮಾತಾಡ್ತಾಳೆ. ರಾಂಗ್ ನಂಬರ್ ಬಂದ್ರೂ ಕಾಲು ಗಂಟೆ ಮಾತಾಡ್ತಾಳೆ. ಬಿಟ್ಟಿರೋದು ನನ್ನೊಬ್ಬನ್ನೇ. ಆರು ವರ್ಷ ಆಯ್ತು.”

214 ಎಂದು ಬರೆದುಕೊಂಡೆ. ತಪ್ಪು ಹೇಗಾಯಿತೆಂದು ತಿಳಿಯದೆ ನನಗೆ ನಿದ್ದೆ ಹತ್ತುವುದಿಲ್ಲ, ಹಾಗಾಗಿ ಅಲ್ಲೇ ಅಕ್ಕನ ಮಗಳಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ನಿಮ್ಮಮ್ಮನಿಗೆ ಕೊಡಮ್ಮ ಎಂದೆ. ಬೋರ್ಡಣ್ಣ ಕೈ ಆಡಿಸಿ ಬೇಡ ಎಂದರು, ಆದರೆ ಅಲ್ಲಿಂದ ಹೋಗಲಿಲ್ಲ. ಆಫೀಸಿನಿಂದ ಎಂದು ಹೇಳಿ ನಾನು ವಿಷಯಕ್ಕೆ ಬಂದೆ. “ಮಾತು ಬಿಟ್ಟವರಿಗೆ ಫೋನ್ ಮಾಡಿದ್ರಾ ಅಮ್ಮ?”

“ಇಲ್ಲಮ್ಮ, ಎಲ್ಲಿ ಮಾಡಿದೆ?”

“ಮತ್ತೆ ‘ಆಯ್ತು’ ಒತ್ತಿದೀರಲ್ಲ?”

“ಮಾಡಿ ಅಂತ ಕೇಳಿತ್ತು. ಆಯ್ತು ಅಂದೆ. ಆಯ್ತಪ್ಪ, ಮಾಡೋಣ ಬಿಡು ಅಂತ. ಇಷ್ಟು ಮರ್ಯಾದೆಯಾಗಿ ಕೇಳಿದಾಗ ಆಗಲ್ಲ ಅನ್ನಕ್ಕಾಗುತ್ತಾ?”

ನಾನು ತಲೆ ಮೇಲೆ ಕೈ ಇಟ್ಟುಕೊಂಡೆ. ಆ ನೂರಕ್ಕೆ ತೊಂಬತ್ತೆರಡು ಜನ ಸವಾಲು ಮುಗಿಸಿರಲಿಲ್ಲ, ಒಪ್ಪಿಕೊಂಡಿದ್ದರು ಅಷ್ಟೆ. ಮುಗಿಯಿತು ಎನ್ನಲೂ ಆಯ್ತು, ಹೂಂ ಎನ್ನಲೂ ಆಯ್ತು. ಹುಟ್ಟಿದಾಗಿನಿಂದ ಈ ಭಾಷೆ ಆಡುತ್ತಿದ್ದ ನಾವು ನಾಲ್ಕೂ ಜನ ಇದನ್ನು ಕಾಣದೆ ಅದರ ಮೇಲೆ ಚಹಾ ಕುಡಿದಿದ್ದೆವು.

“ಹಾಗಾದ್ರೆ ಯಾವಾಗ ಮಾಡ್ತೀರಿ ಅಮ್ಮ?” ಅದು ನನ್ನ ಕೆಲಸವಲ್ಲ, ಆದರೂ ಕೇಳಿದೆ.

“ಅವನೂ ಆಯ್ತು ಒತ್ತಿದಾನೆ, ನೋಡಿದೀನಿ. ಮೊದಲು ಅವನು ಮಾಡ್ಲಿ.” ಮತ್ತೆ ಅವರೇ ಹೇಳಿದರು, “ಮಾಡಲ್ಲ ಬಿಡು. ಅವನ ಆಯ್ತು ನನಗೆ ಗೊತ್ತು.”

ಫೋನ್ ಇಟ್ಟ ಮೇಲೆ ಬೋರ್ಡಣ್ಣ ತಮ್ಮ ಬೆರಳಿನ ಹಳೇ ಪೇಂಟನ್ನು ಕೆರೆಯುತ್ತಾ ಕೂತರು. ಅದು ಹೋಗುವಂಥದ್ದಲ್ಲ.

“ನೀವೂ ಒತ್ತಿದೀರಾ?”

“ಗುಂಡಿ ಕೆಲಸ ಮಾಡುತ್ತಾ ನೋಡಕ್ಕೆ ಒತ್ತಿದೆ.” ಆಮೇಲೆ ಅವರೇ ಹೇಳಿದರು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಅಕ್ಕ ಹನ್ನೊಂದು ದಿನ ಪಕ್ಕದಲ್ಲೇ ಕೂತಿದ್ದಳು. ಹನ್ನೆರಡನೆಯ ದಿನ, ನಾಳೆ ಒಂಬತ್ತಕ್ಕೆ ನೀನು ಬಾ, ನಾನು ಮನೆಗೆ ಹೋಗಿ ಸ್ನಾನ ಮಾಡಿ ಬರ್ತೀನಿ ಎಂದಳು. ಇವರು ಆಯ್ತು ಎಂದರು. ಬೆಳಿಗ್ಗೆ ಒಂದು ಬೋರ್ಡಿನ ಕೊನೆಯ ಎರಡು ಅಕ್ಷರ ಬಾಕಿ ಇತ್ತು. ಮುಗಿಸಿಯೇ ಹೋಗೋಣ ಎಂದುಕೊಂಡರು. ತಮ್ಮ ಬಂದೇಬರುತ್ತಾನೆಂದು ಅಕ್ಕ ಒಂಬತ್ತಕ್ಕೆ ಹೊರಟಳು. ಅಮ್ಮ ಹೋದದ್ದು ಹತ್ತಕ್ಕೆ, ಪಕ್ಕದಲ್ಲಿ ಯಾರೂ ಇರಲಿಲ್ಲ. ಇವರು ತಲುಪಿದ್ದು ಹನ್ನೊಂದೂವರೆಗೆ.

“ಆಯ್ತು ಅಂದಿದ್ಯಲ್ಲೋ ಅಂದ್ಲು. ಅದೇ ಕೊನೆ ಮಾತು.”

ನೀರು ಬೇಕಾ ಎಂದು ಕೇಳಿದೆ.

ಸಂಜೆ ಅವರು ಹೊಸ ಕಾಗದ ತಂದರು. ಅದರಲ್ಲಿ ಎರಡು ಗುಂಡಿ. ಮೊದಲು ‘ಮಾಡ್ತೀನಿ’, ಅದನ್ನು ಒತ್ತಿದವರಿಗೆ ಮಾತ್ರ ಆಮೇಲೆ ‘ಮಾಡಿದೆ’. ಬಾಸ್ ಮುಖ ಹುಳ್ಳಗೆ ಮಾಡಿಕೊಂಡ.

“ಬೋರ್ಡಣ್ಣ, ಶುಕ್ರವಾರ ದುಡ್ಡು ಹಾಕೋ ದೊಡ್ಡವರು ನೋಡಕ್ಕೆ ಬರ್ತಿದಾರೆ. ತೊಂಬತ್ತೆರಡು ಏನಾಗುತ್ತೆ?”

“ಬೀಳುತ್ತೆ.”

“ಶುಕ್ರವಾರ ಆದ್ಮೇಲೆ ಬದಲಾಯಿಸೋಣ. ಒಂದೇ ಪದ ಸಾಕು ಅಂದಿದ್ದೂ ನೀವೇ.”

“ಹೌದು ಸಾರ್, ನಾನೇ ಅಂದಿದ್ದು. ಸುಳ್ಳು ಬೋರ್ಡ್ ಬರೆದಿದೀನಿ. ನಾನೇ ಅಳಿಸ್ಬೇಕು.”

ಅವರು ದನಿ ಏರಿಸಲಿಲ್ಲ, ಬಾಗಿಲಲ್ಲಿ ನಿಂತೇ ಇದ್ದರು ಅಷ್ಟೆ. ದಾರಿ ಬಿಡದಿದ್ದರೆ ಬಾಸ್ ಮನೆಗೆ ಹೋಗುವಂತಿರಲಿಲ್ಲ. ಒಪ್ಪಿದ. ಬುಧವಾರ ಹೊಸ ಗುಂಡಿಗಳು ಬಂದವು, ಹಳೆಯ ಹಸಿರು ಗುರುತುಗಳೆಲ್ಲ ‘ಮಾಡ್ತೀನಿ’ಗೆ ಜಾರಿದವು. ಗುರುವಾರ ಬೆಳಿಗ್ಗೆ ಲೆಕ್ಕ ನೋಡಿದರೆ, ತೊಂಬತ್ತೆರಡು ಇದ್ದದ್ದು ಹದಿನೇಳು. ಬಾಸ್ ಕುರ್ಚಿ ತಿರುಗಲಿಲ್ಲ.

ಬೋರ್ಡಣ್ಣ ಲೆಕ್ಕ ನೋಡಲಿಲ್ಲ. ಬಳಗ ತೆರೆದರು. ಅಕ್ಕ: ಮಾಡ್ತೀನಿ. ಅದರ ಕೆಳಗೆ ಅವರದೇ ಹೆಸರು: ಮಾಡ್ತೀನಿ. ಊಟದ ಹೊತ್ತಿಗೆ ಇನ್ನೆರಡು ಸಲ ನೋಡಿದರು. ನನಗೆ ರೇಗಿಹೋಯಿತು.

“ಎದುರಿಗೇ ಕಾಣ್ತಿದೆಯಲ್ಲ, ಇನ್ನೂ ಯಾರ ದಾರಿ ಕಾಯ್ತಿದೀರಿ?” ಎಂದೆ.

ಅವರು ಅಲ್ಲೇ, ನನ್ನ ಎದುರಿಗೇ, ಫೋನ್ ಹಚ್ಚಿದರು. ಅಕ್ಕನ ದನಿ ಎರಡು ಮೇಜು ದಾಟಿ ಕೇಳುವಂಥದ್ದು.

“ಅಕ್ಕ, ನಾನು.”

“ಗೊತ್ತಾಯ್ತು.” ಆಮೇಲೆ, “ಆ ಹೊಸ ಗುಂಡಿ ನೀನೇ ಬರೆದದ್ದಾ? ಅಕ್ಷರ ಚಿಕ್ಕದು ಕಣೋ. ಕನ್ನಡಕ ಹುಡುಕ್ಬೇಕು.”

“ದೊಡ್ಡದು ಮಾಡ್ತೀನಿ.”

“ನಾಳೆ ಬಾ ಮನೆಗೆ. ಒಂಬತ್ತಕ್ಕೆ.”

ಬೋರ್ಡಣ್ಣ ಬಾಯಿ ತೆರೆದರು. ಆ ಪದ ನಾಲಗೆಯವರೆಗೂ ಬಂದದ್ದು ನನಗೆ ಕಂಡಿತು. ಬಾಯಿ ಮುಚ್ಚಿಕೊಂಡರು.

“ಏನೋ, ಮಾತೇ ಇಲ್ಲ?”

“ಬೇರೆ ಮಾತು ಹುಡುಕ್ತಿದೀನಿ ಅಕ್ಕ.”

“ಹುಡುಕ್ಬೇಡ. ಬಾ.”

ಮುಂದಿನದನ್ನು ನನಗೆ ಹೇಳಿದವಳು ಅಕ್ಕನ ಮಗಳು. ಶುಕ್ರವಾರ ಬೆಳಿಗ್ಗೆ ಆರೂವರೆಗೆ ಅವಳಮ್ಮ ಪೇಪರ್ ತರಲು ಬಾಗಿಲು ತೆಗೆದರೆ, ಮೆಟ್ಟಿಲ ಮೇಲೆ ಬೋರ್ಡಣ್ಣ ಕೂತಿದ್ದರಂತೆ, ಒಗೆದ ಅಂಗಿ ಹಾಕಿಕೊಂಡು.

“ಒಂಬತ್ತಕ್ಕೆ ಅಂದಿದ್ದೆ,” ಎಂದಳಂತೆ ಅಕ್ಕ.

“ಹೂಂ. ಕೂತಿರ್ತೀನಿ.”

ಅಕ್ಕ ಒಳಗೆ ಕರೆಯಲಿಲ್ಲ. ಒಳಗೆ ಹೋಗಿ ಎರಡು ಲೋಟ ಚಹಾ ತಂದು, ತಾನೂ ಅದೇ ಮೆಟ್ಟಿಲ ಮೇಲೆ ಕೂತಳು. ಮೇಲಿನ ಮನೆಯವರು ಕೆಲಸಕ್ಕೆ ಹೊರಟಾಗ ಇಬ್ಬರೂ ಕಾಲು ಮಡಿಸಿಕೊಂಡು ದಾರಿ ಬಿಟ್ಟರು. ಒಂಬತ್ತು ಹೊಡೆದ ಮೇಲೆ, “ನಡಿ ಒಳಗೆ” ಎಂದಳು. ಇಬ್ಬರೂ ಅತ್ತದ್ದು ಆಮೇಲೆಯೇ ಅಂತೆ.

ಆಫೀಸಿನ ಪರದೆಯಲ್ಲಿ ನಾನು ಕಂಡದ್ದು ಇಷ್ಟು: ಒಂಬತ್ತು ಗಂಟೆ ಎರಡು ನಿಮಿಷಕ್ಕೆ ಬಳಗದಲ್ಲಿ ಎರಡು ಹೆಸರುಗಳ ಮುಂದೆ ಒಟ್ಟಿಗೆ ‘ಮಾಡಿದೆ’ ಬಂತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕಣ್ಣೊರೆಸಿಕೊಂಡೆ. 214ನ್ನು ಪಟ್ಟಿಯಿಂದ ಹೊಡೆದುಹಾಕಿದೆ.

ಬೋರ್ಡಣ್ಣ ಆಫೀಸಿಗೆ ಬಂದಾಗ ಹನ್ನೊಂದೂವರೆ. ದೊಡ್ಡವರು ಬಂದು, ಹದಿನೇಳನ್ನು ನೋಡಿ, ಕತ್ತು ಅಲ್ಲಾಡಿಸಿ, ಯೋಚಿಸಿ ಹೇಳುತ್ತೇವೆಂದು ಹೋಗಿಯಾಗಿತ್ತು. ಬಾಸ್ ಬಾಗಿಲಲ್ಲೇ ನಿಂತಿದ್ದ.

“ಲೇಟಾಯ್ತಲ್ಲ ಬೋರ್ಡಣ್ಣ?”

“ಆಯ್ತು ಸಾರ್,” ಎಂದರು. ಪೆನ್ಸಿಲ್ ಕೆತ್ತಿಕೊಂಡು ಅಕ್ಷರ ದೊಡ್ಡದು ಮಾಡಲು ಕೂತರು.