ತೊಳೆಯದೆ ಕೊಟ್ಟ ಬೆಳ್ಳಿ

ಮಹದೇವಿ, ನಿನ್ನ ಪಿಎಚ್‌ಡಿ ಕೆಡಿಸಿದವನು ನಾನು. ನಿನ್ನ ಗೈಡೂ ಅಲ್ಲ, ಹಣೆಬರಹವೂ ಅಲ್ಲ — ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ನಿನ್ನ ಪಕ್ಕವೇ ಕೆಲಸ ಮಾಡುತ್ತಿದ್ದ, ಚಂದಕವಾಡಿಯ ನಾನು.

ಎರಡು ಶಾಸ್ತ್ರ ಒಂದೇ ಬೆಂಚಿನಲ್ಲಿ ಕಲಿಯಲಿ ಎಂದು ನ್ಯಾನೊ ತಂತ್ರಜ್ಞಾನದ ಸಂಶೋಧನೆಗೆ ನಮ್ಮನ್ನು ಜೋಡಿ ಮಾಡಿದ್ದರು. ನಾನು ರಸಾಯನಶಾಸ್ತ್ರದವನು, ನೀನು ಜೀವಶಾಸ್ತ್ರದವಳು. ನಿಮ್ಮ ಗುಂಡ್ಲುಪೇಟೆ ಕಡೆಯ ಚೆಂಡುಹೂವಿನ ಎಲೆರಸಕ್ಕೆ ಬೆಳ್ಳಿಯ ಲವಣ ಬೆರೆಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಕಣ ಮಾಡುವುದು ನನ್ನ ಕೆಲಸ. ಅವು ರೇಷ್ಮೆಹುಳುವಿಗೆ ಸಪ್ಪೆ ರೋಗ ತರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆಯೇ ಎಂದು ನೋಡುವುದು ನಿನ್ನ ಕೆಲಸ. ಕಣಗಳನ್ನು ಮತ್ತೆ ಮತ್ತೆ ತೊಳೆದು, ಉಳಿದ ಲವಣ ತೆಗೆದು ನಿನಗೆ ಕೊಡಬೇಕಿತ್ತು. ಆ ಲವಣವೇ ಬ್ಯಾಕ್ಟೀರಿಯಾಕ್ಕೆ ವಿಷ. ನಾನು ತೊಳೆಯಲಿಲ್ಲ — ಸೋಮಾರಿತನ, ಊರಿನ ಬಸ್ಸು ತಪ್ಪೀತೆಂಬ ಅವಸರ, ಇನ್ನೇನು... ತೊಳೆದಿದ್ದೇನೆ ಎಂದೆ. ನೀನು ನಂಬಿದೆ. ಬ್ಯಾಕ್ಟೀರಿಯಾ ಸತ್ತವು, ಲೇಖನ ಅಚ್ಚಾಯಿತು, ನಮಗೆ ಶಾಲು ಹೊದಿಸಿದರು.

ಮುಂದಿನ ಸಲ ನಿಯತ್ತಾಗಿ ತೊಳೆದು ಕೊಟ್ಟೆ. ಒಂದೂ ಸಾಯಲಿಲ್ಲ. ಮೊದಲ ಸಲ ಕೊಂದದ್ದು ಕಣವಲ್ಲ, ಉಳಿದ ಲವಣ ಎಂದು ನನಗೆ ಆಗಲೇ ಹೊಳೆಯಿತು. ಆದರೆ ನನ್ನ ಗೈಡಿಗೆ ನಿನ್ನ ಶಾಸ್ತ್ರ ಗೊತ್ತಿಲ್ಲ, ನಿನ್ನ ಗೈಡಿಗೆ ನನ್ನ ಶಾಸ್ತ್ರ ಗೊತ್ತಿಲ್ಲ. ಇಬ್ಬರಿಗೂ ಚೆನ್ನಾಗಿ ಬರುತ್ತಿದ್ದದ್ದು ಜಗಳ ಒಂದೇ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಕೊನೆಗೆ ನನ್ನ ಗೈಡು, "ಆ ಹುಡ್ಗಿ ಕೈಗುಣವೇ ಸರಿ ಇಲ್ಲ ಕಣ್ರೀ" ಎಂದರು. ಕೈಗುಣವಂತೆ! ಅಂಥ ಯಂತ್ರಗಳ ನಡುವೆ ನಿಂತು ಆಡುವ ಮಾತೇ ಅದು? ನೆನೆದರೆ ಈಗಲೂ ಮೈ ಉರಿಯುತ್ತದೆ. ಆದರೆ ಅವರ ಮೇಲೆ ಉರಿದು ಬಂದ ಭಾಗ್ಯವೇನು? ನಿಜ ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತ ಹೇಡಿ ನಾನು.

ನಿನ್ನ ಗೈಡೂ ಕೈಬಿಟ್ಟರು, ನೀನು ಓದು ಬಿಟ್ಟು ರೇಷ್ಮೆಹುಳು ಸಾಕುವ ನಿಮ್ಮ ಮನೆಗೆ ಹೋದೆ. ಕೈಗುಣದ ಮಾತೂ ನಿನ್ನ ಹಿಂದೆಯೇ ಊರು ಸೇರಿತು. ನಾನು ಡಾಕ್ಟರೇಟ್ ಪಡೆದೆ.

ಮೊನ್ನೆ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಬೈಯುತ್ತೀಯ ಎಂದುಕೊಂಡೆ. ನೀನು ನಕ್ಕು, "ನನ್ನಿಂದ ನಿನ್ಗೂ ತೊಂದ್ರೆ ಆಯ್ತು ಕಣಪ್ಪ. ಈಗ ನಮ್ಮವ್ವನೂ ಹುಳದ್ ಮನೆ ಒಳಕ್ಕೆ ಬುಡಕಿಲ್ಲ. ನನ್ ಕೈ ಮುಟ್ಟುದ್ರೆ ಹುಳ ಕೆಡ್ತವಂತೆ" ಎಂದೆ. ನಿನ್ನದಲ್ಲದ ತಪ್ಪಿಗೆ ನನ್ನ ಹತ್ತಿರ ನೊಂದುಕೊಂಡೆ! ಆಗಲೂ ನಾನು, "ಬುಡು, ಹಳೇದು" ಎಂದುಬಿಟ್ಟೆ. ಥೂ, ನನ್ನ ಜನ್ಮಕ್ಕೆ!

ನಿನ್ನೆ ನನ್ನ ಗೈಡಿನ ಮನೆಗೇ ಹೋಗಿ ಎಲ್ಲ ಹೇಳಿದೆ. "ಈಗ್ಯಾಕ್ಲಾ ಅದ್ನ ಕೆದಕ್ತೀಯೆ? ಇರೋ ಕೆಲ್ಸನೂ ಓಯ್ತದೆ, ಸುಮ್ಕಿರು" ಎಂದರು. ನಾನು — ಹೇಳಲು ನಾಚಿಕೆಯಾಗುತ್ತದೆ — "ಆಯ್ತು ಸಾರ್" ಎಂದು ತಲೆಯಾಡಿಸಿ ಎದ್ದು ಬಂದೆ.

ದೊಡ್ಡವರ ಎದುರು ಕೂತರೆ ನಾನು ಹೀಗೇ. ಅದಕ್ಕೇ ಇದನ್ನು ನನ್ನ ಹೆಸರು ಹಾಕಿ ಅಚ್ಚಿಗೆ ಕೊಟ್ಟಿದ್ದೇನೆ. ಇನ್ನು ನಾನು ಎಷ್ಟೇ ತಲೆಯಾಡಿಸಿದರೂ ಇದು ಹಿಂದಕ್ಕೆ ಬರುವುದಿಲ್ಲ.