ಓನರಮ್ಮನ ಚಪ್ಪಲಿ ಬಿದ್ದ ದಿನ

ನೀಲಿ ಪಟ್ಟಿಯ ಹವಾಯಿ ಚಪ್ಪಲಿ, ಬಲಗಾಲಿನದು. ಹೆಬ್ಬೆರಳಿನ ತುದಿಯಲ್ಲಿ ಈಗಲೋ ಆಗಲೋ ಬೀಳುವಂತೆ ತೂಗುತ್ತಿತ್ತು, ಬೀಳುತ್ತಿರಲಿಲ್ಲ. ಹೋಟೆಲಿನ ಗಲ್ಲಾದ ಹಿಂದೆ ಎತ್ತರದ ಕುರ್ಚಿಯಲ್ಲಿ ಕೂತರೆ ನಮ್ಮ ಓನರಮ್ಮನ ಕಾಲು ನೆಲ ಮುಟ್ಟುತ್ತಿರಲಿಲ್ಲ. ಕುಳ್ಳಗಿನ, ಗುಂಡಗಿನ ಹೆಂಗಸು. ಯಾರೋ ಸಾಂಬಾರಿಗೆ ಉಪ್ಪು ಜಾಸ್ತಿ ಸುರಿದಿದ್ದಾರೆ ಎಂಬ ಸಿಟ್ಟು ಮುಖದಲ್ಲಿ ಸದಾ ಇರುತ್ತಿತ್ತು. ಎದುರಿಗೆ ನಮ್ಮ ಮೂವರ ತಂಡ ರಾಕ್ ಬಾರಿಸುತ್ತಿದ್ದರೂ ಆ ಮುಖ ಸಡಿಲವಾಗುತ್ತಿರಲಿಲ್ಲ, ಚಪ್ಪಲಿ ಮಾತ್ರ ತೂಗುತ್ತಿತ್ತು. “ನಂಗೆ ಈ ಗಲಾಟೆ ಆಗಲ್ಲಪ್ಪ,” ಅನ್ನುತ್ತಿದ್ದರು. ಆದರೆ ನಾವು ಬಾರಿಸುವಷ್ಟು ಹೊತ್ತೂ ಕುರ್ಚಿ ಬಿಟ್ಟು ಎದ್ದವರಲ್ಲ. ಹೊಸ ಹಾಡು ಮುಗಿದಾಗಲೆಲ್ಲ ನಾವು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದುದು ಒಂದೇ ಮಾತು: “ಚಪ್ಪಲಿ ಬಿತ್ತಾ?”

ಹಲಸೂರು ಕೆರೆಯ ಕಡೆಗೆ ಹೋಗುವ ಅಡ್ಡರಸ್ತೆಯೊಂದರಲ್ಲಿ ಆ ಹೋಟೆಲು. ಕೆಳಗೆ ಊಟದ ಹಾಲ್, ಮೇಲೆ ತಂಗುವವರಿಗೆ ರೂಮುಗಳು. ಓನರಮ್ಮನ ಮಾವನವರು ಅದೇ ಜಾಗದಲ್ಲಿ ಸೊಪ್ಪು ಬೆಳೆಯುತ್ತಿದ್ದರಂತೆ. ತಂಡದಲ್ಲಿ ಹಾಡುವವನು ನಾನು, ಕೆ.ಆರ್. ಪುರದ ಬಾಡಿಗೆ ರೂಮಿನವನು. ಅಪ್ಪ ಅವ್ವ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ನಮ್ಮ ರೂಮಿನಲ್ಲಿ ನಾನು ಬಾಯಿಬಿಟ್ಟು ಹಾಡಿದರೆ ಇಡೀ ವಠಾರ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಗಿಟಾರಿನವನ ಮನೆ ಕುಕ್ ಟೌನಿನಲ್ಲಿ. ದೊಡ್ಡ ಮನೆ, ಆದರೆ ಅಜ್ಜಿಗೆ ಸದ್ದು ಆಗದು. ಡ್ರಮ್ಮಿನವನು ಹಲಸೂರಿನವನೇ, ದಿನಾ ಅಲ್ಲಿ ಊಟ ಮಾಡುತ್ತಿದ್ದವನು. ಕೊನೆಗೆ ಅವನೇ ಹೋಗಿ ಅಭ್ಯಾಸಕ್ಕೆ ಓನರಮ್ಮನನ್ನು ಜಾಗ ಕೇಳಿದ.

“ಮಧ್ಯಾಹ್ನದ ಊಟ ಮುಗಿದ್ಮೇಲೆ ಹಾಲ್ ಖಾಲಿನೇ ಇರುತ್ತೆ. ಸಂಜೆ ಟಿಫನ್ ಶುರು ಆಗೋವರ್ಗೂ ಬಾರಿಸ್ಕೊಳಿ,” ಅಂದರು. “ಆದ್ರೆ ಹಿಂದಿನ್ಮನೆ ಮೇಜರ್ ಸಾಹೇಬ್ರು ಆ ಹೊತ್ನಲ್ಲಿ ಮಲಗ್ತಾರೆ. ಅವ್ರ ಕಿವಿಗೆ ಬೀಳಬಾರ್ದು.”

ಅದಕ್ಕೆ ಉಪಾಯವನ್ನೂ ಅವರೇ ಹೇಳಿದರು. ಖಾಲಿ ರೂಮುಗಳ ಹಾಸಿಗೆಗಳನ್ನೆಲ್ಲ ಕೆಳಗೆ ಹೊತ್ತು ತಂದು ಕಿಟಕಿ ಗೋಡೆಗಳಿಗೆ ಒರಗಿಸಿ ನಿಲ್ಲಿಸಬೇಕು. ಮುಗಿದ ಮೇಲೆ ಹೊತ್ತೊಯ್ದು ಮಂಚಕ್ಕೆ ಹಾಕಿ, ಬೆಡ್‌ಶೀಟ್ ಹಾಸಿಯೇ ಮನೆಗೆ ಹೋಗಬೇಕು. ಮೂಲೆ ಮಡಚುವುದನ್ನು ಸ್ವತಃ ನಿಂತು ಕಲಿಸಿದರು. ಸುಕ್ಕು ಕಂಡರೆ ಪೂರ್ತಿ ಎಳೆದುಹಾಕಿ, “ಇನ್ನೊಂದ್ಸಲ,” ಅನ್ನುತ್ತಿದ್ದರು. ಹಾಡು ಕೆಟ್ಟರೆ ಬೈದವರಲ್ಲ.

ಹೀಗೆ ಒಂದು ದಿನ ಹಾಸಿಗೆ ಹೊರುತ್ತಾ ಗಿಟಾರಿನವನು ರಾಕ್ ಚರಿತ್ರೆ ತೆಗೆದ. ವಿದೇಶದಲ್ಲಿ ದೊಡ್ಡ ದೊಡ್ಡ ತಂಡಗಳು ಹೋಟೆಲುಗಳಲ್ಲೇ ಬಾಳಿದವು, ರೂಮಿನಲ್ಲೇ ಕೂತು ಹಾಡು ಕಟ್ಟಿದವು, ತಲೆ ಕೆಟ್ಟಾಗ ಮಂಚ ಮುರಿದು ಟಿವಿಯನ್ನು ಕಿಟಕಿಯಿಂದ ಈಜುಕೊಳಕ್ಕೆ ಎಸೆದವು ಅಂತೆಲ್ಲ ಹೇಳಿದ. ಓನರಮ್ಮ ಗಮನವಿಟ್ಟು ಕೇಳಿದರು.

“ನಮ್ಮಲ್ಲಿ ಈಜುಕೊಳ ಇಲ್ಲಪ್ಪ,” ಅಂದರು. “ಟಿವಿ ಎಸೀಬೇಕು ಅಂದ್ರೆ ಕೆರೆವರ್ಗೂ ಹೊತ್ಕೊಂಡು ಹೋಗ್ಬೇಕು. ಮೊದ್ಲು ಆ ದಿಂಬಿಗೆ ಕವರ್ ಹಾಕು.”

ರಾಕ್ ಇತಿಹಾಸದಲ್ಲಿ ಹೋಟೆಲಿನ ಹಾಸಿಗೆ ಹಾಸಿ ಬೆಳೆದ ತಂಡ ನಮ್ಮದೊಂದೇ ಇರಬೇಕು. ಈಗ ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಹಾಗಿರುವಾಗ ಇಂದಿರಾನಗರ ಕಡೆಯ ಒಂದು ಸ್ಟಾರ್ ಹೋಟೆಲಿನವರು ತಮ್ಮ ಹುಲ್ಲುಹಾಸಿನ ಮೇಲೆ ರಾಕ್ ಸಂಜೆ ಇಟ್ಟುಕೊಂಡು ನಮ್ಮನ್ನೂ ಕರೆದರು. ನಾವು ಕುಣಿದಾಡಿದೆವು. ಮೂರು ದಿನ ಮುಂಚೆ ಅವರ ಮ್ಯಾನೇಜರಿನ ಫೋನು: “ಸೌಂಡ್ ಸೂಪರ್ ಬ್ರೋ. ಬಟ್ ಕನ್ನಡ ಬೇಡ. ಇಂಗ್ಲಿಷ್ ಹಿಟ್ಸ್ ಮಾಡಿ. ಇಲ್ಲಾಂದ್ರೆ ಬೇರೆ ಬ್ಯಾಂಡ್ ನೋಡ್ತೀವಿ.”

“ಒಂದ್ಸಲ ಒಪ್ಕೊಳೋಣ ಮಗಾ,” ಅಂದ ಗಿಟಾರಿನವನು. “ಒಳಗೆ ಹೋದ್ಮೇಲೆ ನಮ್ಮ ಹಾಡು ಮಾಡಿದ್ರಾಯ್ತು.”

ನನಗಿದ್ದದ್ದು ನನ್ನ ಹಾಡುಗಳೇ. ಸೆಂಟ್ರಿಂಗ್ ಹಲಗೆ, ಸಿಮೆಂಟಿನ ಕೈ, ನಮ್ಮ ಅವ್ವನ ಮಾತು, ಇವೇ. “ಅವನ್ನ ಬಿಟ್ಟು ನಾ ಬರಾಂಗಿಲ್ಲ. ನೀವು ಹೋಗ್ರಿ,” ಅಂದೆ. ಡ್ರಮ್ಮಿನವನು ಕಡ್ಡಿಗಳನ್ನು ಚೀಲಕ್ಕೆ ಹಾಕಿ ಜಿಪ್ ಎಳೆದ. ಮೂವರೂ ಮುಖ ತಿರುಗಿಸಿ ನಿಂತೆವು. ತಂಡ ಅಲ್ಲಿಗೆ ಮುಗಿಯಿತು ಅಂತಲೇ ನನಗನ್ನಿಸಿತು.

ಓನರಮ್ಮ ಕುರ್ಚಿಯಿಂದ ಇಳಿದು ಬಂದರು. “ಅವರದ್ದು ಯಾವತ್ತು?”

“ಭಾನುವಾರ ಸಂಜೆ.”

“ನಮ್ದೂ ಭಾನುವಾರ ಸಂಜೆನೇ. ಮೇಲೆ ಟೆರೇಸಲ್ಲಿ. ಕಿತ್ತ ಸೊಪ್ಪು ಸಂಜೆಗೆ ಬಾಡುತ್ತೆ ಕಣ್ರೋ, ಮಡಿಲಲ್ಲಿ ಇಟ್ಕೊಂಡು ಕೂತ್ಕೋಬಾರ್ದು.”

“ಮೇಜರ್ ಸಾಹೇಬ್ರು?” ಅಂದ ಡ್ರಮ್ಮಿನವನು.

“ಅವ್ರು ಮಲಗೋದು ಮಧ್ಯಾಹ್ನ.”

ಭಾನುವಾರ ಅಪ್ಪ ಅವ್ವ ತಮ್ಮ ಮೇಸ್ತ್ರಿ ಗುಂಪನ್ನೆಲ್ಲ ಕಟ್ಟಿಕೊಂಡು ಮೆಟ್ರೋ ಹತ್ತಿ ಬಂದರು. ರೂಮುಗಳಲ್ಲಿ ತಂಗಿದ್ದವರು, ಅಡುಗೆಯವರು, ಕುಕ್ ಟೌನಿನ ಅಜ್ಜಿ, ಎಲ್ಲ ಸೇರಿ ಟೆರೇಸು ತುಂಬಿತು. ಮಿಕ್ಕವರು ರಸ್ತೆಯಲ್ಲಿ, ಎದುರು ಮಹಡಿಗಳಲ್ಲಿ ನಿಂತರು. ಮೊದಲ ಹಾಡನ್ನು ಜೀವ ತುಂಬಿ ಹಾಡಿದೆ. ಕೆಳಗಿನಿಂದ ಕೂಗು ಬಂತು: “ಏನೂ ಸರಿಯಾಗ್ ಕೇಳಿಸ್ತಿಲ್ಲ ಗುರು.”

ಸುತ್ತ ನೋಡಿದೆ. ಮಧ್ಯಾಹ್ನ ಬಂದವರೇ ನಾವು ಅಭ್ಯಾಸಬಲದಿಂದ ಹೋಟೆಲಿನ ಹಾಸಿಗೆಗಳನ್ನೆಲ್ಲ ಹೊತ್ತು ತಂದು ಟೆರೇಸಿನ ಕಂಬಿಗಳಿಗೆ ಒರಗಿಸಿ ನಿಲ್ಲಿಸಿಬಿಟ್ಟಿದ್ದೆವು. ಮೇಲೆ ಬಯಲು ಆಕಾಶ, ನಾಲ್ಕೂ ಕಡೆ ಹತ್ತಿಯ ಗೋಡೆ. ಯಾರಿಗೂ ಅದು ತಪ್ಪೆಂದು ಹೊಳೆದೇ ಇರಲಿಲ್ಲ.

ಗಲ್ಲಾದ ಕುರ್ಚಿಯನ್ನು ಟೆರೇಸಿಗೇ ತರಿಸಿ ಅದರ ಮೇಲೆ ಕೂತಿದ್ದ ಓನರಮ್ಮ ಹಣೆ ಚಚ್ಚಿಕೊಂಡರು. “ಅಯ್ಯೋ ಮಂಕುಗಳಾ, ತೆಗೀರಿ ಆ ಹಾಸಿಗೆನ. ಇಷ್ಟು ದಿನ ಮುಚ್ಚಿಟ್ಟಿದ್ದು ಸಾಕು.”

ಅಪ್ಪನ ಗುಂಪಿನವರು ಹಾಸಿಗೆಗಳನ್ನು ಒಂದೊಂದಾಗಿ ಕೆಡವಿದರು. ಹಲಸೂರು ಕಾಣಿಸಿತು. ನಾನು ‘ನಾ ಕಟ್ಟಿದ ಮನಿ ನನ್ನ ದನಿ ಕೇಳಲಿ’ ಎಂಬ ನನ್ನ ಹಾಡು ಎತ್ತಿಕೊಂಡೆ. ಎರಡನೇ ಸಲಕ್ಕೆ ಅವ್ವ ದನಿಗೂಡಿಸಿದಳು, ಮೂರನೇ ಸಲಕ್ಕೆ ಅವಳ ಗುಂಪಿನ ಹೆಂಗಸರೆಲ್ಲ, ಆಮೇಲೆ ಇಡೀ ರಸ್ತೆ. ತಮಿಳಿನವರು, ಉರ್ದುವಿನವರು, ಕನ್ನಡ ಬಾರದವರೂ ಹಾಡಿದರು. ಅಷ್ಟರಲ್ಲಿ ಡ್ರಮ್ಮಿನವನು ಬಾರಿಸುತ್ತಲೇ ಗದ್ದದಿಂದ ಸನ್ನೆ ಮಾಡಿದ. ನೀಲಿ ಪಟ್ಟಿಯ ಚಪ್ಪಲಿ ಕುರ್ಚಿಯ ಕೆಳಗೆ ಬೋರಲು ಬಿದ್ದಿತ್ತು. ಓನರಮ್ಮ ಬಗ್ಗಿ ಎತ್ತಿಕೊಳ್ಳಲಿಲ್ಲ. ಇನ್ನೊಂದನ್ನೂ ತಾವೇ ಕಾಲಿನಿಂದ ಕೊಡವಿಬಿಟ್ಟರು.

ಮುಂದಿನ ವರ್ಷ ಅದೇ ಸ್ಟಾರ್ ಹೋಟೆಲಿನವರು ಫೋನ್ ಮಾಡಿ, “ಆ ಮನಿ ಹಾಡು ಇರಲೇಬೇಕು,” ಅಂದರು. ಹೋಗಿ ಹಾಡಿ ಬಂದೆವು. “ಅಲ್ಲಿ ಬೆಡ್‌ಶೀಟು ಹೆಂಗೆ ಹಾಸಿದ್ರು?” ಅನ್ನುವುದೊಂದೇ ಓನರಮ್ಮ ಕೇಳಿದ ಪ್ರಶ್ನೆ.

ಈ ಬೇಸಿಗೆಯಲ್ಲಿ ಅವರು ಹೋದರು. ಊಟದ ಹಾಲ್‌ನಲ್ಲೇ ಮಲಗಿಸಿದ್ದರು. ಕಾಲಿನ ಹೆಬ್ಬೆರಳುಗಳೆರಡನ್ನೂ ದಾರದಿಂದ ಕಟ್ಟಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಹೊರಡುವ ಹೊತ್ತಿಗೆ ತಮಟೆಯವರು ಬಂದರು. ಡ್ರಮ್ಮಿನವನು ಒಂದು ತಮಟೆ ಕೇಳಿ ತೆಗೆದುಕೊಂಡು ನಮ್ಮ ಹಾಡಿನ ಗತ್ತು ಹಿಡಿದ, ತಮಟೆಯವರು ಜೊತೆಯಾದರು. ಸುಡುಸುಡು ಮಧ್ಯಾಹ್ನ. ಹಿಂದಿನ ಮನೆಯ ಗೇಟಿನಲ್ಲಿ ಮೇಜರ್ ಸಾಹೇಬರು ನೆಟ್ಟಗೆ ನಿಂತಿದ್ದರು. ನಾನು ದನಿ ತಗ್ಗಿಸಿದೆ. “ಕಮ್ಮಿ ಮಾಡ್ಬೇಡಿ,” ಅಂದರು ಅವರು. “ಜೋರಾಗಿ ಹಾಡಿ.” ರಸ್ತೆಯುದ್ದಕ್ಕೂ ಗಂಟಲು ಹರಿಯುವಂತೆ ಹಾಡಿಕೊಂಡು ಓನರಮ್ಮನನ್ನು ಕಳಿಸಿಕೊಟ್ಟೆವು.

ಈಗ ಊರೂರಿನ ಹೋಟೆಲುಗಳು ನಮಗೆ ರೂಮು ಕೊಡುತ್ತವೆ. ಬೆಳಿಗ್ಗೆ ಹೊರಡುವ ಮುಂಚೆ ಮೂವರೂ ನಮ್ಮ ನಮ್ಮ ಹಾಸಿಗೆ ಹಾಸುತ್ತೇವೆ. ಮೊನ್ನೆ ಮೈಸೂರಿನಲ್ಲಿ ರೂಮು ಗುಡಿಸಲು ಬಂದಾಕೆ ಮೂಲೆಯ ಮಡಿಕೆ ಮುಟ್ಟಿ ನೋಡಿ, “ರಾಕ್ ಬ್ಯಾಂಡಿನವರು ಅಂದ್ರು. ಇದನ್ನ ಯಾರು ಸಾರ್ ಕಲ್ಸಿದ್ದು ನಿಮ್ಗೆ?” ಅಂತ ಕೇಳಿದಳು.

“ನಮ್ಗೆ ರಾಕ್ ಕಲ್ಸಿದವ್ರೇ,” ಅಂದೆ.